ಮಾನವ್ವನ ಗಂಗಾಳ

ಭಾಳ ಹಿಂದಿನ ಮಾತು. ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ, ನನಗ ಹೇಳಿದ ನಮ್ಮ ಆಯಿಗೂ ಅದು ಗೊತ್ತಿರಲಿಲ್ಲ. ಎರಿ ನೆಲದ ಸೀಮಿಯೊಳಗ ಒಂದು ಊರು ಇತ್ತಂತ. ಊರಿನ ಹೆಸರು ಹೇಳಂಗಿಲ್ಲ. ಅವತ್ತು ತಪ್ಪು ಮಾಡಿದವರ ವಂಶದವರು ಇನ್ನೂ ಅಲ್ಲೇ ಅದಾರ, ಸುಮ್ಮನ ಜಗಳಕ್ಕ ಬರತಾರ. ಆ ಊರಾಗ ಕಂಚುಗಾರರ ಓಣಿ ಅಂತ ಒಂದು ಓಣಿ. ಆ ಓಣ್ಯಾಗ ಮಾನವ್ವ ಅಂತ ಒಬ್ಬಾಕಿ ಹೆಣ್ಮಗಳು ಇದ್ಳಂತ.

ಮಾನವ್ವನ ಬಗ್ಗೆ ಮಂದಿ ಏನೇನು ಹೇಳತಾರ ಗೊತ್ತೇನು? ಅಕಿ ಗಂಗಾಳ ತಿಕ್ಕಿದ್ರ ಅದರಾಗ ನಾಳಿನ ದಿನ ಕಾಣತಿತ್ತಂತ. ಅಕಿ ಉಸಿರು ಬಿಟ್ರ ಕುರುಡರಿಗೆ ಕಣ್ಣು ಬರತಿದ್ದುವಂತ. ಸತ್ತಾಕಿನ್ನ ಎಬ್ಬಿಸಿ ಕೂಡಿಸಿದ್ಳಂತ. ಸುಳ್ಳು. ಅಷ್ಟೂ ಸುಳ್ಳು. ಅಕಿ ಮಾಡಿದ್ದನ್ನ ಊರಾಗಿನ ಯಾರು ಬೇಕಾದ್ರೂ ಮಾಡಬಹುದಿತ್ತು. ಹಂಗಂತ ಒಪ್ಪಿಕೊಂಡ್ರ ನಾಚಿಕಿ ಆಗತೈತಿ ನೋಡ್ರಿ, ಅದಕ್ಕ ಅಕಿನ್ನ ದೇವತಿ ಮಾಡಿ, ಎರಡು ಊದಿನಕಡ್ಡಿ ಹಚ್ಚಿ, ಕೈ ತೊಳಕೊಂಡಾರ. ಅಕಿ ಏನು ಮಾಡಿದ್ಳು ಅಂಬೂದನ್ನ ಇದ್ದದ್ದು ಇದ್ದಂಗ ಹೇಳತೀನಿ, ಕೇಳ್ರಿ.

ಮಾನವ್ವನ ಗಂಡ ಕಂಚು ಕರಗಿಸಿ, ಬಡಿದು, ಉಣ್ಣೋ ಗಂಗಾಳ ಮಾಡತಿದ್ದ. ಅದಕ್ಕ ಒಪ್ಪ ಹಾಕೂದು ಮಾನವ್ವನ ಕೆಲಸ. ಮೊದಲ ಇಟ್ಟಂಗಿ ಪುಡಿ, ಆಮ್ಯಾಲ ಹುಣಸಿಹಣ್ಣು, ಆಮ್ಯಾಲ ಒಲಿ ಬೂದಿ, ಕಡೀಕ ಹಳೇ ಕಂಬಳಿ ತುಂಡು. ತಿಕ್ಕಿ ತಿಕ್ಕಿ ಅಕಿ ಅಂಗೈಯಾಗ ರೇಖಿ ಉಳಿದಿರಲಿಲ್ಲ ಅಂತಾರ. ಒಪ್ಪ ಮುಗೀತೋ ಇಲ್ಲೋ ಅಂತ ನೋಡಾಕ ಗಂಗಾಳನ್ನ ಮೂಗಿನ ಕೆಳಗ ಹಿಡಿದು ಉಸಿರು ಬಿಡತಿದ್ಳು. ಉಸಿರಿನ ಹಬಿ ಕೂತ್ರ ಬರಿಗಣ್ಣಿಗೆ ಕಾಣದ ಗೀರು ಸೈತ ಎದ್ದು ಕಾಣತಾವ. ಹಬಿ ಆರೂದ್ರಾಗ ಗೀರಿನ ಮ್ಯಾಲ ಬೆರಳಿಟ್ಟು ಮತ್ತ ತಿಕ್ಕತಿದ್ಳು. ದಿನಕ್ಕ ನೂರು ಸಲ ಇದ ಕೆಲಸ. ಮೂಗಿನ ಉಸಿರು ಕಂಚಿನ ಮ್ಯಾಲ ಎರಡು ಮಬ್ಬು ಗುರುತು ಬಿಡತೈತಿ, ಎಡಕ್ಕೊಂದು ಬಲಕ್ಕೊಂದು. ನೆಗಡಿ ಬಂದ ದಿನ ಒಂದು ಸಣ್ಣದಾಗತೈತಿ. ಇದು ಕಂಚುಗಾರರ ಮನಿ ಕೂಸಿಗೂ ಗೊತ್ತಿದ್ದ ಮಾತು.

ಇನ್ನ ಆ ಊರಿನ ಕಟ್ಟಳಿ ಕೇಳ್ರಿ. ಅದಕ್ಕ ಕಣ್ಣಾಣಿ ಅಂತಿದ್ರಂತ. ಯಾರಾದ್ರೂ ಸಾಕ್ಷಿ ಹೇಳಬೇಕಂದ್ರ ದ್ಯಾಮವ್ವನ ಗುಡಿಕಟ್ಟಿ ಹತ್ತಿ, ದೀಪದ ಮಸಿ ಎರಡೂ ಕಣ್ಣಿಗೆ ಹಚ್ಚಿಕೊಂಡು, ಕಂಡದ್ದ ಹೇಳೀನಿ, ಸುಳ್ಳಾದ್ರ ನನ್ನ ಕಣ್ಣು ಹೋಗಲಿ ಅನ್ನಬೇಕು. ಆಮ್ಯಾಲ ಆರು ತಿಂಗಳ ಗಡುವು. ಆರು ತಿಂಗಳು ಕಣ್ಣು ಚಂದ ಇದ್ದುವಂದ್ರ ಸಾಕ್ಷಿ ಖರೆ. ನಡುವ ಕಣ್ಣಿಗೆ ಏನರ ಆತಂದ್ರ ಸಾಕ್ಷಿ ಸುಳ್ಳು, ಅವ್ವ ಮುನಿದಾಳ. ಅಂಥವರ ಮುಖ ಯಾರೂ ನೋಡಬಾರದು, ನೋಡಿದವರ ಕಣ್ಣೂ ಹೋಗತಾವ. ಗಡುವು ಮುಗಿದ ದಿನ ಹಿರಿಯರು ಕೂಡಿ, ತಲಿ ಬೋಳಿಸಿ, ಊರ ಬಿಡಿಸತಿದ್ರು. ಎಂಥಾ ಅನುಕೂಲದ ಕಟ್ಟಳಿ ನೋಡ್ರಿ. ಕಣದ ಹೊಟ್ಟು, ಒಲಿ ಹೊಗಿ, ಬಿಸಿಲು, ಧೂಳು, ಇಷ್ಟರಾಗ ಆರು ತಿಂಗಳು ಕಣ್ಣು ಕೆಂಪಾಗದ ಬಡವರು ಯಾರಿದ್ದಾರು? ಗೌಡ್ರ ಮನ್ಯಾಗ ಯಾರೂ ಹೊಟ್ಟು ತೂರತಿರಲಿಲ್ಲ.

ಆ ಊರಾಗ ನೀಲವ್ವ ಅಂತ ಗಂಡ ಸತ್ತಾಕಿ ಒಬ್ಬಾಕಿ. ಅಕಿಗೆ ಒಂದು ಕೂರಿಗಿ ಅಳತಿ ಹೊಲ. ಮಗ್ಗಲದ ಹೊಲ ಊರಗೌಡಂದು. ಕಾರಹುಣ್ಣಿವಿ ಹತ್ತರ ಬಂದಾಗ ಒಂದಿನ ಹೊತ್ತು ಹುಟ್ಟೂದ್ರಾಗ ಎರಡೂ ಹೊಲದ ಗಡಿಯ ಬಾಂದಗಲ್ಲು ಇಪ್ಪತ್ತು ಮಾರು ನೀಲವ್ವನ ಹೊಲದೊಳಗ ಬಂದು ನಿಂತಿತ್ತಂತ. ಕಲ್ಲಿಗೇನು ಕಾಲು ಬಂದಿದ್ದುವೇನು? ಗೌಡನ ಆಳುಗಳು ಕಲ್ಲು ಕೀಳೂದನ್ನ ನಾಕೈದು ಮಂದಿ ನೋಡಿದ್ರು. ಕೇಳಿದ್ರ ಒಬ್ಬ ಆ ಕಡೆ ಹೋಗೇ ಇಲ್ಲ ಅಂದ, ಇನ್ನೊಬ್ಬಗ ಅವತ್ತು ಜ್ವರ ಬಂದಿತ್ತಂತ. ಹುಲ್ಲಿಗೆ ಹೋಗಿದ್ದ ಫಕೀರವ್ವ ಒಬ್ಬಾಕೀನ ಕಟ್ಟಿ ಹತ್ತಿ, ಮಸಿ ಹಚ್ಚಿಕೊಂಡು, ಕಲ್ಲು ಕಿತ್ತವರು ಇಂಥವರು, ನಿಂತು ಕೀಳಿಸಿದವರು ಗೌಡ್ರು ಅಂತ ಹೇಳಿದ್ಳು.

ಫಕೀರವ್ವ ಅಂದ್ರ ಮೂವತ್ತರ ಆಸುಪಾಸಿನಾಕಿ, ಗಂಡ ಬಿಟ್ಟು ಹೋಗಿದ್ದ. ಅಂಗಳ ದಾಟಲಾರದ ಮುದುಕಿ ತಾಯಿ, ಒಂದು ಎಮ್ಮಿ, ಇಷ್ಟ ಅಕಿ ಸಂಸಾರ. ಮಾನವ್ವನ ಮನಿಗೆ ದಿನಾ ಹಾಲು ಹಾಕಾಕಿ. ಬಾಯಿ ಜೋರು. ಹಾಲಿಗೆ ನೀರು ಹಾಕೀಯೇನ ಅಂತ ಕೇಳಿದವರಿಗೆ ನಿಮ್ಮ ಮುಖ ನೋಡಿದ್ರ ನೀರಿಗೆ ಹಾಲು ಹಾಕಬೇಕು ಅನಸತೈತಿ ಅಂತಿದ್ಳಂತ. ಇಂಥಾಕಿ ಸಾಕ್ಷಿ ಹೇಳಿದ ಮ್ಯಾಲ ಗೌಡಗ ನಿದ್ದಿ ಎಲ್ಲಿಂದ ಬರಬೇಕು? ಹೊಸ್ತಲ ಹುಣ್ಣಿವಿಗೆ ಗಡುವು. ಅಲ್ಲೀತನಕ ಕಲ್ಲು ಸರಿದಲ್ಲೇ ಇರಲಿ ಅಂತ ಹಿರಿಯರು ಹೇಳಿದ್ರು.

ಮೂರನೇ ತಿಂಗಳಿಗೆ ಫಕೀರವ್ವಗ ಬಲ ಮೂಗು ಕಟ್ಟಿತು. ನೆಗಡಿ ಅಂದ್ಳು, ಬಿಟ್ಳು. ನಾಕನೇ ತಿಂಗಳಿಗೆ ಮೂಗಿನ ಮಗ್ಗಲಿಗೆ, ಕಣ್ಣಿನ ಕೆಳಗ ಬಾವು ಬಂತು. ನೋಡನೋಡೂದ್ರಾಗ ರೆಪ್ಪಿ ಕೆಂಪಾಗಿ, ಊದಿ, ಬಲಗಣ್ಣು ಪೂರಾ ಮುಚ್ಚಿತು. ಆ ಊರಾಗ ಕಣ್ಣಿಗೆ ಔಷಧ ಕೊಡಾಂವ ಗುರುಪಾದ. ಅಂವ ಮಾರು ದೂರ ನಿಂತು ಕಣ್ಣಬ್ಯಾನಿ, ಒಳಗ ಕೀವು ತುಂಬೈತಿ ಅಂದ. ಅರಿಷಿಣ ಲೋಳಸರ ಅರೆದು ಹಚ್ಚಿ, ಹರಳೆಲಿ ಕಟ್ಟಿಸಿದ. ಎಂಟು ದಿನಕ್ಕ ಬಾವು ತುಸು ಇಳೀತು. ಗುರುಪಾದ ಮೀಸಿ ತಿರುವಿದ. ಹತ್ತನೇ ದಿನಕ್ಕ ಮೊದಲಿನ ಎರಡರಷ್ಟು ಆಗಿ ಬಂತು. ಜ್ವರ ಬಂತು, ಮೈ ಬೆವರಿ ಹಾಸಿಗಿ ತೋಯತಿತ್ತು, ಉಂಡದ್ದು ಮೈಗೆ ಹತ್ತಲಿಲ್ಲ. ಅಂವ ಮತ್ತ ಅದ ಲೇಪ ಹಚ್ಚಿದ. ಮೂರನೇ ಸಲಕ್ಕ ಲೇಪ ಸೋತಾಗ ನನ್ನ ಔಷಧದಾಗ ತಪ್ಪಿಲ್ಲ, ಇದು ಅವ್ವನ ಮುನಿಸು ಅಂದುಬಿಟ್ಟ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದಂಗ, ಔಷಧ ನಾಟದಿದ್ರ ತಪ್ಪು ರೋಗಿದು.

ಗೌಡ ಆ ಮಾತಿಗೇ ಕಾಯಕೊಂಡು ಕುಂತಿದ್ದ. ಅವತ್ತ ಫಕೀರವ್ವನ ಮುಖಕ್ಕ ಅರಿವಿ ಸುತ್ತಿಸಿ, ಕೆರಿ ಆಚಿಗೆ ಹುಣಸಿಗಿಡದ ಕೆಳಗಿನ ಹಾಳ ಗುಡಿಸಲದಾಗ ಕೂಡಿಸಿದ್ರು. ನೀಲವ್ವ ತನ್ನ ಹೊಲದ ಬದುವಿನ ಮ್ಯಾಲ ಕುಂತು ಅತ್ತಳಂತ. ತನ್ನ ಸಲುವಾಗಿ ಅಲ್ಲ, ನನ್ನಿಂದ ಆ ಹುಡುಗಿಗೆ ಹಿಂಗಾತಲ್ಲ ಅಂತ.

ಫಕೀರವ್ವಗ ಉಣ್ಣಾಕ ಒಯ್ಯೋರು ಯಾರು? ಮಾನವ್ವ ಒಯ್ದಳು. ಆದ್ರ ಅಕಿನೂ ಮೊದಲು ಮುಖ ತಿರುವಿದಾಕೀನ, ಸುಳ್ಳು ಯಾಕ ಹೇಳೂನು? ಗಂಗಾಳದಾಗ ರೊಟ್ಟಿ ಪಲ್ಯಾ ಇಟ್ಟು, ಗುಡಿಸಲದ ಮುಂದಿನ ಕಲ್ಲಿನ ಮ್ಯಾಲ ಇಳಿಸಿ, ಬೆನ್ನು ಮಾಡಿ ನಿಂತು, ಉಣ್ಣವಾ ಫಕೀರಿ ಅಂತಿದ್ಳು. ಫಕೀರವ್ವ ಆ ಬೆನ್ನಿನ ಜೋಡೀನ ಮಾತಾಡತಿದ್ಳು. ಎಮ್ಮಿ ಹಾಲು ಕೊಡತೈತೇನಕ್ಕಾ ಅಂತ ಕೇಳತಿದ್ಳು. ನಮ್ಮವ್ವ ಉಂಡಾಳೇನು ಅಂತ ಕೇಳತಿದ್ಳು. ಇಪ್ಪತ್ತೆರಡು ದಿನ ಹಿಂಗ ನಡೀತು. ಇಪ್ಪತ್ತೆರಡು ದಿನ ಒಬ್ಬ ಮನಷ್ಯಾಳು ಬರೇ ಬೆನ್ನು ನೋಡಿಕೊಂಡು ಉಂಡಾಳ.

ಇಪ್ಪತ್ತೆರಡನೇ ದಿನ ಮಾನವ್ವ ಗಂಗಾಳ ತೊಳೆಯಾಕ ಕುಂತಾಗ ಅದರ ನಟ್ಟನಡುವ ಎರಡು ಕಂದು ಕಲಿ ಕಂಡ್ಳು. ಕಂಚಿನ ಮ್ಯಾಲಿನ ಕಲಿ ನೋಡೂದ ಅಕಿ ಕಸಬು. ಸಾರಿನ ಕಲಿ ಬ್ಯಾರೆ, ಹುಳಿ ಕಲಿ ಬ್ಯಾರೆ. ಇದು ರಕ್ತ. ಕಣ್ಣಿಂದು ಆಗಿದ್ರ ಗಲ್ಲದ ಗುಂಟ ಇಳಿದು, ಕಟ್ಟಿದ ಅರಿವಿಗೆ ಹತ್ತಬೇಕಿತ್ತು. ಇದು ಬಗ್ಗಿ ಉಣ್ಣುವಾಗ ನೆಟ್ಟಗ ಮೂಗಿನಿಂದ ಬಿದ್ದದ್ದು. ಹತ್ತರ ಹಿಡಿದ್ರ ಕೊಳೆತ ವಾಸನಿ. ಮಾನವ್ವ ಗಂಗಾಳ ತೊಳೀಲಿಲ್ಲಂತ. ಹಂಗ ಎತ್ತಿಟ್ಟು, ಇನ್ನೊಂದಕ್ಕ ಒಪ್ಪ ಹಾಕಾಕ ಕುಂತಳಂತ.

ಮರುದಿನ ಮುಂಜಾನಿ ಥಂಡಿಯಾಗ ಹೊಂಟಳು. ಮುಖ ನೋಡಬಾರದು ಅಂತ ಕಟ್ಟಳಿ ಐತಿ, ಗಂಗಾಳ ನೋಡಬಾರದು ಅಂತ ಎಲ್ಲೈತಿ? ಬೆನ್ನು ಮಾಡಿ ನಿಂತು, ಅರಿವಿ ಬಿಚ್ಚು ಫಕೀರಿ ಅಂದು, ಒಪ್ಪ ಹಾಕಿದ ಗಂಗಾಳವನ್ನ ಹೆಗಲ ಮ್ಯಾಲ ಎತ್ತಿ ಹಿಡಿದ್ಳು. ಅದರಾಗ ಫಕೀರವ್ವನ ಮುಖ ಮೂಡಿತು. ಅರ್ಧ ಮುಖ ಊದಿ ಕಂದಿತ್ತು. ಉಳಿದ ಅರ್ಧ, ದಿನಾ ಹಾಲು ಹಾಕತಿದ್ದ ಅದ ಫಕೀರಿ. ಆ ಎಡಗಣ್ಣು ಗಂಗಾಳದಾಗಿನ ಮಾನವ್ವನ ಕಣ್ಣು ಹುಡುಕಾಕತ್ತಿತ್ತು. ಅಷ್ಟ ಸಾಕಾತು. ಥೂ, ನನಗ್ಯಾಕ ಈ ಕಳ್ಳಾಟ ಅಂದು ಮಾನವ್ವ ಗಂಗಾಳ ಕೆಳಗಿಳಿಸಿ ಗಪ್ಪನ ತಿರುಗಿ ನಿಂತಳು. ನೆಟ್ಟಗ ಮುಖ ನೋಡಿದ್ಳು. ಅಕಿ ಕಣ್ಣು ಹೋಗಲಿಲ್ಲ. ನೀರು ಬಂದುವು, ಅಷ್ಟ.

ಆಮ್ಯಾಲ ಗಂಗಾಳನ್ನ ಫಕೀರವ್ವನ ಮೂಗಿನ ಕೆಳಗ ಹಿಡಿದು ಉಸಿರು ಬಿಡಿಸಿದ್ಳು. ಎಡಕ್ಕೊಂದು ಗುರುತು ಬಂತು. ಬಲಕ್ಕ ಏನೂ ಇಲ್ಲ. ಮತ್ತ ಬಿಡಿಸಿದ್ಳು, ಮತ್ತ ಒಂದ. ಬಾಯಿ ತೆರಿ ಅಂದು ಬೆಳಕಿಗೆ ಹಿಡಿದು ನೋಡಿದ್ರ ಬಾಯೊಳಗಿನ ಅಂಗುಳ ಬಲಗಡೆ ಕರ್ರಗಾಗಿ ಕೊರೆದಿತ್ತು. ಊದಿದ ರೆಪ್ಪಿ ಎರಡು ಬೆರಳಿಲೆ ಮೆಲ್ಲಕ ಬಿಡಿಸಿದ್ರ ಒಳಗ ಕಣ್ಣು ತಿಳಿನೀರಿನಂಗ ಐತಿ. ಎಡಗಣ್ಣು ಮುಚ್ಚಿಕೊಂಡು ಹೇಳು, ನನ್ನ ಕೈಯಾಗ ಬಳಿ ಎಷ್ಟವ ಅಂತ ಕೇಳಿದ್ಳು. ಬಲಗೈಯಾಗ ಐದು, ಒಂದು ಸೀಳೈತಿ ಅಂದ್ಳು ಫಕೀರವ್ವ.

ಬ್ಯಾನಿ ಕಣ್ಣಿಂದಲ್ಲ. ಮೂಗಿನ್ಯಾಗ ಹುಟ್ಟಿ, ಒಳಗೊಳಗ ತಿಂದು, ಕಣ್ಣಿನ ಮಗ್ಗಲಿಗೆ ತಲಿ ಎತ್ತಿತ್ತು. ಅದರ ಹೆಸರು ಮಾನವ್ವಗ ಗೊತ್ತಿರಲಿಲ್ಲ. ಈಗಿನ ದೊಡ್ಡ ದವಾಖಾನಿ ಡಾಕ್ಟರು ಅದಕ್ಕ ಮೂಗಿನ್ಯಾಗ ಹುಟ್ಟೋ ಒಂದು ಜಾತಿ ಕ್ಯಾನ್ಸರ್ ಅಂತಾರ. ಅಪರೂಪಕ್ಕ ಯಾರಿಗೋ ಬರತೈತಂತ, ಬಂದಾಗ ಕಣ್ಣಬ್ಯಾನಿ ವೇಷ ಹಾಕ್ಕೊಂಡು ಬಂದು ಕಲಿತವರಿಗೂ ಮೋಸ ಮಾಡತೈತಂತ. ಇರಲಿ, ಕಲಿತವರು ನೋಡಿ ಮೋಸ ಹೋಗತಾರ. ಆ ಊರವರು ನೋಡಲೇ ಇಲ್ಲಲ್ಲ.

ಮಾನವ್ವ ನೆಟ್ಟಗ ಗುರುಪಾದನ ಮನಿಗೆ ಹೋದ್ಳು. ಬಂದು ಮೂಗು ನೋಡು, ಅಂಗುಳ ನೋಡು ಅಂದ್ಳು. ಅಂವ ಕಲ್ಬತ್ತಿನ್ಯಾಗ ಏನೋ ಅರೀತಿದ್ದ, ತಲಿ ಎತ್ತಲಿಲ್ಲ. ನಾ ಇಂಥಾ ನಾನೂರು ಕಣ್ಣು ನೋಡೀನಿ, ಗಂಗಾಳ ತಿಕ್ಕಾಕಿ ನನಗ ಕಲಿಸಬ್ಯಾಡ ಅಂದ. ನಾನೂರು ಬ್ಯಾಡೋ ಯಪ್ಪಾ, ಈ ಒಂದು ನೋಡು ಅಂದ್ಳು ಮಾನವ್ವ. ಅಂವ ಎದ್ದು ಒಳಗ ಹೋಗಿ ಕದ ಹಾಕ್ಕೊಂಡ. ಗಡುವಿಗೆ ಇನ್ನ ಹದಿನೆಂಟು ದಿನ ಇತ್ತು. ಆ ಹದಿನೆಂಟು ದಿನ ಮಾನವ್ವ ಫಕೀರವ್ವನ ಎದುರಿಗೆ ಕುಂತು ತುತ್ತು ಮಾಡಿ ಉಣಿಸಿದ್ಳು. ಊರು ಅಕಿ ಕಣ್ಣು ಇವತ್ತು ಹೋಗತಾವ, ನಾಳೆ ಹೋಗತಾವ ಅಂತ ಕಾಯಕೊಂತ ಕುಂತಿತು.

ಹೊಸ್ತಲ ಹುಣ್ಣಿವಿ ಮುಂಜಾನಿ ಗುಡಿಕಟ್ಟಿ ಮುಂದ ಊರು ಕೂಡಿತು. ಕಟ್ಟಿ ಮ್ಯಾಲ ಗೌಡನ್ನ ಹಿಡಿದು ಐದು ಮಂದಿ ಹಿರಿಯರು. ಕುಂತದ್ದು ಹೆಂಗ ಗೊತ್ತೇನು? ಐದೂ ಮಂದಿ ಹೆಗಲ ಮ್ಯಾಲಿನ ವಲ್ಲಿ ತಗದು ಮುಖದ ಮ್ಯಾಲ ಹೊತ್ತುಕೊಂಡು. ಒಬ್ಬಾಕಿ ಕಣ್ಣಿನ ನ್ಯಾಯ ಮಾಡಾಕ ತಮ್ಮ ಕಣ್ಣು ಮುಚ್ಚಿಕೊಂಡು ಕುಂತಿದ್ರು ಮಹಾನುಭಾವರು. ಹಜಾಮನ ಚೀಲ ತಯಾರಿತ್ತು. ಫಕೀರವ್ವ ಅರಿವಿ ಸುತ್ತಿದ ಮುಖದಲೆ ಮಾನವ್ವನ ಹೆಗಲ ಹಿಡಕೊಂಡು ನಿಂತಿದ್ಳು. ಕಾಲಾಗ ಬಲ ಇರಲಿಲ್ಲ.

ಮಾನವ್ವ ಆರು ಗಂಗಾಳ ತಂದಿದ್ಳು. ಹಬಿ ಗಟ್ಟಿ ಕೂಡಲಿ ಅಂತ ಹಿಂದಿನ ಸಂಜಿಗೇ ತಣ್ಣೀರಿನ ಬಾನ್ಯಾಗ ಅದ್ದಿ ಇಟ್ಟು, ಆಗಷ್ಟ ಒರೆಸಿದ್ದು. ಹಿರಿಯರ ಮುಂದ ಬಗ್ಗಿ, ತೀರ್ಪಿನ ಮೊದಲ ನಿಮ್ಮ ಉಸಿರು ಬೇಕ್ರಿ ಯಪ್ಪಾ, ದ್ಯಾಮವ್ವನ ಸನ್ನಿಧಿಯೊಳಗ ಇಷ್ಟು ಇಲ್ಲ ಅನ್ನಬ್ಯಾಡ್ರಿ ಅಂದ್ಳು. ವಲ್ಲಿ ಕೆಳಗ ಒಂದೊಂದ ಗಂಗಾಳ ಹಿಡಿದ್ಳು. ಎಲ್ಲಾ ಗಂಗಾಳದ ಮ್ಯಾಲೂ ಎರಡೆರಡು ಗುರುತು. ಗೌಡನ ಗಂಗಾಳದ ಮ್ಯಾಲೂ ಎರಡು, ದೊಡ್ಡವು. ಆರನೇದ್ದನ್ನ ಫಕೀರವ್ವನ ಮೂಗಿಗೆ ಹಿಡಿದ್ಳು. ಒಂದ. ಅದನ್ನ ಎತ್ತಿ ಊರಿಗೆ ತೋರಿಸಿದ್ಳು. ಹಬಿ ಆರಿತಂದ್ರ ಮತ್ತ ಹಿಡಿದು, ಮತ್ತ ತೋರಿಸಿದ್ಳು. ಮಂದಿ ಒಬ್ಬರ ಮ್ಯಾಲೊಬ್ಬರು ಬಿದ್ದು ನೋಡಿದ್ರು.

ಅಕಿ ಆಣಿ ಮಾಡಿದ್ದು ಕಣ್ಣಿನ ಮ್ಯಾಲ ಅಂದ್ಳು ಮಾನವ್ವ. ಬ್ಯಾನಿ ಹುಟ್ಟಿದ್ದು ಮೂಗಿನ್ಯಾಗ. ಅಂಗುಳ ಕರ್ರಗಾಗೈತಿ, ಮೂಗಿನಿಂದ ರಕ್ತ ಬರತೈತಿ, ಮೂರು ತಿಂಗಳಾದ್ರೂ ಒಬ್ಬರೂ ನೋಡಲಿಲ್ಲ. "ಯಾವುದು ಕಣ್ಣು, ಯಾವುದು ಮೂಗು ಅಂತ ದ್ಯಾಮವ್ವಗ ತಿಳಿಯಂಗಿಲ್ಲೇನ್ರಿ? ನಿಮಗ ತಿಳಿಯಂಗಿಲ್ಲ ಅಂದ್ರ ಒಪ್ಪತೀನಿ. ಅವ್ವನ ತಲಿಗೆ ಕಟ್ಟಬ್ಯಾಡ್ರಿ."

ಗೌಡ ವಲ್ಲಿಯೊಳಗಿಂದಲೇ ಹೂಂಕರಿಸಿದ. ಎಲ್ಲಿ ಹುಟ್ಟಿದ್ರೇನು, ಕಣ್ಣು ಮುಚ್ಚೈತಿ, ಮುಚ್ಚಿದ ಕಣ್ಣು ಹೋದ ಕಣ್ಣು ಅಂದ.

ಮಾನವ್ವ ಕೈಯಾಗಿನ ಗಂಗಾಳ ಕೆಳಗಿಟ್ಟಳು. ಫಕೀರವ್ವನ ಅರಿವಿ ಬಿಚ್ಚಿದ್ಳು. ಕೂಡಿದ ಮಂದಿ ಹೋ ಅಂತ ಮುಖ ತಿರುವಿತು. ಮಾನವ್ವ ಎಡಗೈಲೆ ಅಕಿ ಒಳ್ಳೇ ಕಣ್ಣು ಮುಚ್ಚಿ, ಬಲಗೈ ಬೆರಳಿಲೆ ಊದಿದ ರೆಪ್ಪಿ ಬಿಡಿಸಿ, ಕಟ್ಟಿ ಕಡೆ ತಿರುಗಿಸಿ ನಿಲ್ಲಿಸಿದ್ಳು. ಏನು ಕಾಣತೈತಿ ಹೇಳು ಅಂದ್ಳು.

ಫಕೀರವ್ವನ ದನಿ ಮೂಗಿನ್ಯಾಗ ಸಿಕ್ಕು ಕೀರಲು ಆಗಿತ್ತು. ಆದ್ರೂ ಊರಿಗೆಲ್ಲಾ ಕೇಳಿತಂತ. "ಐದು ಮಂದಿ ಹಿರಿಯರು ಕುಂತಾರ. ನಾಕು ಮಂದಿ ಪೂರಾ ಮುಖ ಮುಚ್ಚಿಕೊಂಡಾರ. ಗೌಡ್ರು ಮಾತ್ರ ವಲ್ಲಿ ಸರಿಸಿ, ಸಂದಿಯೊಳಗಿಂದ ನನ್ನ ನೋಡಾಕತ್ತಾರ."

ಊರ ಮಂದಿ ಗಕ್ಕನ ತಿರುಗಿ ನೋಡಿತು. ಗೌಡನ ಕೈ ಇನ್ನೂ ವಲ್ಲಿ ಅಂಚಿನ ಮ್ಯಾಲ ಇತ್ತು. ಮುಖ ನೋಡಿದ್ರ ಕಣ್ಣು ಹೋಗತಾವ ಅಂತ ಊರಿಗೆಲ್ಲಾ ಹೆದರಿಸಿದಾಂವ ತಾನು ಆರಾಮ ಕುಂತು ನೋಡಾಕತ್ತಿದ್ದ. ಅಂವಗ ಆ ಹೆದರಿಕಿ ಎಂದೂ ಇರಲೇ ಇಲ್ಲ ಅಂಬೂದು ಆಗ ಮಂದಿ ತಲಿಗೆ ಹೋತು. ಆರು ತಿಂಗಳು ಹಿಡೀತು ನೋಡ್ರಿ ಅಷ್ಟು ತಿಳಿಯಾಕ. ಎಲ್ಲಾರಕಿಂತ ವಯಸ್ಸಾದ ಹಿರಿಯ ತನ್ನ ವಲ್ಲಿ ತಗದು ಮಡಚಿ ತೊಡಿ ಮ್ಯಾಲ ಇಟ್ಟುಕೊಂಡ. ಫಕೀರವ್ವನ ಮುಖ ನೋಡಿದ. ಭಾಳ ಹೊತ್ತು ನೋಡಿದ. ಕಣ್ಣು ಐತಿ, ಸಾಕ್ಷಿ ಖರೆ ಐತಿ, ಕಲ್ಲು ತಿರುಗಿ ಅದರ ಜಾಗಾಕ್ಕ ಹೋಗಲಿ ಅಂದ. ಅವತ್ತ ಹೊತ್ತು ಮುಳುಗೂದ್ರಾಗ ಗೌಡನ ಆಳುಗಳ ಕೈಲೇ ಕಲ್ಲು ಹೊರಿಸಿ ನೀಲವ್ವನ ಬದುವಿಗೆ ನಿಲ್ಲಿಸಿದ್ರು.

ಇಲ್ಲಿಗೆ ಬಂದಾಗ ಕತಿ ಹೇಳೋರು ಜಾಣರಾಗತಾರ. ಮಾನವ್ವ ಗಂಗಾಳದ ಹಬಿ ಒರೆಸಿ ಮುಖಕ್ಕ ಹಚ್ಚಿದ್ಳಂತ, ಬಾವು ಇಳೀತಂತ, ಫಕೀರವ್ವ ಹನ್ನೆರಡು ವರ್ಷ ಬಾಳಿದ್ಳಂತ. ಹಂಗ ಹೇಳಿದ್ರ ಕೇಳಾಕ ಹಿತ. ಆದ್ರ ಆಗಿದ್ದು ಅದಲ್ಲ. ಫಕೀರವ್ವ ಇಪ್ಪತ್ತು ದಿನಕ್ಕ ಸತ್ತಳು. ಆ ಬ್ಯಾನಿಗೆ ಆಗಿನ ಕಾಲಕ್ಕ ಔಷಧ ಇರಲಿಲ್ಲ. ಮೊದಲ ತಿಂಗಳ ನೋಡಿದ್ರೂ ಉಳೀತಿದ್ದಿಲ್ಲೇನೋ, ನನಗ ಗೊತ್ತಿಲ್ಲ. ಆದ್ರ ಅಕಿಗೆ ಆ ಇಪ್ಪತ್ತೆರಡು ದಿನ ಬೆನ್ನಿನ ಜೋಡಿ ಮಾತಾಡೋ ಗತಿ ಬರತಿರಲಿಲ್ಲ. ಇದನ್ನ ನೆನಿಸಿಕೊಂಡ್ರ ನನಗ ಈಗಲೂ ಸಿಟ್ಟು ಬರತೈತಿ. ಮಾನವ್ವಗಂತೂ ಸಾಯೂತನಕ ಇಳೀಲಿಲ್ಲಂತ, ಅದರಾಗೂ ತನ್ನ ಮ್ಯಾಲಿನ ಸಿಟ್ಟು.

ಫಕೀರವ್ವ ಸತ್ತದ್ದು ತನ್ನ ಮನ್ಯಾಗ, ತಾಯಿ ತೊಡಿ ಮ್ಯಾಲ. ಮುಖಕ್ಕ ಅರಿವಿ ಇರಲಿಲ್ಲ. ಮುದುಕಿ ದಿನಾ ಆ ಮುಖ ಒರೆಸಿ, ತಲಿ ಬಾಚಿ, ಕುಂಕುಮ ಹಚ್ಚತಿದ್ಳು. ಕಡೀ ದಿನ ಮಾನವ್ವ ಬಾಗಲಾ ತೆರದು, ಓಣಿಯವರನ್ನ ಒಬ್ಬೊಬ್ಬರನ್ನ ಕರಕೊಂಡು ಬಂದು ಎದುರು ಕೂಡಿಸಿದ್ಳಂತ. ಗುರುಪಾದನ್ನೂ ಕರಕೊಂಡು ಬಂದಳು. ಅಂವ ತಲಿ ತಗ್ಗಿಸಿದ್ರ ಗದ್ದ ಹಿಡಿದು ಎತ್ತಿದ್ಳು.

ಆ ಊರಾಗ ಕಣ್ಣಾಣಿ ಅವತ್ತಿಗೆ ನಿಂತಿತು. ಇವತ್ತಿಗೂ ಅಲ್ಲಿ ಯಾರಿಗಾದ್ರೂ ಮುಖ ಬಾತ್ರ ಮೊದಲ ಕಂಚಿನ ಗಂಗಾಳ ತಂದು ಮೂಗಿಗೆ ಹಿಡೀತಾರ, ಆಮ್ಯಾಲ ದವಾಖಾನಿಗೆ ಒಯ್ಯತಾರ. ಔಷಧ ನಾಟದಂಥಾ ಬ್ಯಾನಿ ಅಂತ ತಿಳೀತಂದ್ರ ಆ ಮನಿ ಬಾಗಲಾ ಹಾಕಂಗಿಲ್ಲ. ಮನಿಗೊಬ್ಬರಂತ ಊರು ಬರತೈತಿ. ಗೌಡ್ರ ಮನಿಯವರು ಮೊದಲ ಬರಬೇಕು, ಅದು ಮಾನವ್ವ ಹಾಕಿದ ಕಟ್ಟಳಿ. ಹೊಸ್ತಿಲದಾಗ ವಲ್ಲಿ ತಗದಿಟ್ಟು, ಸೆರಗು ಸರಿಸಿ, ಎದುರಿಗೆ ಕುಂತು ಮುಖ ನೋಡತಾರ. ನೋಡಾಕ ಆಗಲಿಲ್ಲ ಅಂತ ನಡುವ ಏಳಂಗಿಲ್ಲ. ಮಲಗಿದವರು ತಾವಾಗೇ ಸಾಕು, ಹೋಗ್ರಿ ಅನ್ನೂತನಕ ಕುಂತಿರಬೇಕು.